ಕಾದು ಕುಳಿತ ಚಮಚ

ಊಟಕ್ಕೆ ತಕರಾರು ಮಾಡುವ ಮಗುವಿನ ಮಾತು ಬಂದಲ್ಲೆಲ್ಲ ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆಯ ಹೆಸರು ಆಪ್ತವಾಕ್ಯದಂತೆ ಉದ್ಧೃತವಾಗುವುದುಂಟು. ಅವರು 1939ರಲ್ಲಿ ಕೆನಡಾದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧಕ್ಕೆ ಬಂದಿರುವ ಕೀರ್ತಿಯಾದರೋ, ಓದಿದವರಿಂದ ಬಂದುದಕ್ಕಿಂತ ಓದದೆಯೇ ಹೊಗಳಿದವರಿಂದ ಬಂದುದೇ ಹೆಚ್ಚೆಂದು ನನ್ನ ಗುಮಾನಿ. ಶಿಶುವಿನ ದೇಹಕ್ಕೆ ತನಗೆ ಬೇಕಾದುದೇನೆಂಬ ಸಹಜಜ್ಞಾನವಿದೆ, ಅದನ್ನು ಅದರ ಪಾಡಿಗೆ ಬಿಟ್ಟರೆ ಸಾಕು ಎಂಬುದು ಈ ಹೊಗಳಿಕೆಯ ಪಲ್ಲವಿ. ಪ್ರಬಂಧ ದೊಡ್ಡದೆಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಅದು ದೊಡ್ಡದಾದದ್ದು ಈ ಕಾರಣಕ್ಕಲ್ಲ.

ಪ್ರಯೋಗದ ವಿವರ ಬಲ್ಲವರಿಗೆ ಬಲ್ಲದ್ದೇ. ಆಗತಾನೆ ಹಾಲು ಬಿಡಿಸಿದ 15 ಕೂಸುಗಳ ಮುಂದೆ, ಒಟ್ಟು 34 ಪದಾರ್ಥಗಳಲ್ಲಿ ಕೆಲಕೆಲವನ್ನು ಒಂದರೊಡನೊಂದು ಬೆರೆಸದೆ, ಉಪ್ಪನ್ನು ಸಹ ಬೇರೆಯಾಗಿಯೇ ಇರಿಸಿ, ಹೊತ್ತುಹೊತ್ತಿಗೆ ತಂದಿಡುತ್ತಿದ್ದರು. ಒಂದು ಕೂಸಿನ ಬೆಳಗಿನ ಆಹಾರ ಕಿತ್ತಳೆಯ ರಸ ಮತ್ತು ಯಕೃತ್ತು. ಮತ್ತೊಂದರ ರಾತ್ರಿಯ ಊಟ ಮೊಟ್ಟೆ, ಬಾಳೆಹಣ್ಣು, ಹಾಲು. ಉಪ್ಪನ್ನು ಬಾಯಿಗಿಟ್ಟುಕೊಂಡು ಕೆಮ್ಮಿ ಅತ್ತವು ಮತ್ತೆ ಅದಕ್ಕೇ ಕೈಚಾಚುತ್ತಿದ್ದವು. ಎಲ್ಲವೂ ಪುಷ್ಟವಾಗಿ ಬೆಳೆದವೆಂಬುದು ನಿಜ. ಆದರೆ ಆ 34ರಲ್ಲಿ ಸಕ್ಕರೆಯಿಲ್ಲ, ಮೈದಾ ಇಲ್ಲ, ಡಬ್ಬಿಯ ತಿನಿಸಿಲ್ಲ. ಇಲ್ಲೇನಾದರೂ ಕೈಚಳಕವಿದ್ದರೆ ಅದು ಪಟ್ಟಿಯಲ್ಲಿದೆಯೆಂದು ಡೇವಿಸ್ ತಾವೇ ಒಪ್ಪಿಕೊಂಡಿದ್ದಾರೆ. ಪಟ್ಟಿಯನ್ನು ಬರೆದದ್ದು ಕೂಸಲ್ಲವಷ್ಟೆ! ಮೇಲಾಗಿ, ಎರಡು ವರ್ಷದ ಆಸುಪಾಸಿನಲ್ಲಿ ತಲೆಯೆತ್ತುವ ಆ 'ಬೇಡ'ವನ್ನು ಇನ್ನೂ ಅರಿಯದ ಎಳೆಯ ನಾಲಗೆಗಳಿಂದ ಹೊರಟ ಪ್ರಯೋಗವನ್ನು, ಬೇಡವೆಂದು ಹಲ್ಲು ಕಚ್ಚಿ ಕುಳಿತ ಮಗುವಿಗೆ ಅನ್ವಯಿಸುವವರ ಧೈರ್ಯ ದೊಡ್ಡದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎಲ್ಲರೂ ದಾಟಿ ಹೋಗುವ ಒಂದು ಕಂಡಿಕೆ: ದಾದಿಯರಿಗೆ ವಿಧಿಸಿದ ನಿಯಮ. ದಾದಿಯು ಚಮಚ ಹಿಡಿದು ಪಕ್ಕದಲ್ಲಿ ನಿಶ್ಚಲಳಾಗಿ ಕುಳಿತಿರತಕ್ಕದ್ದು. ಕೂಸು ಒಂದು ಬಟ್ಟಲಿಗೆ ಕೈಚಾಚಿದ ಇಲ್ಲವೆ ಅದನ್ನು ತೋರಿದ ಮೇಲಷ್ಟೇ ಅದರಿಂದ ಚಮಚ ತುಂಬತಕ್ಕದ್ದು. ಅದು ಬಾಯ್ದೆರೆದರೆ ಮಾತ್ರ ಇಡತಕ್ಕದ್ದು. ತಿಂದುದನ್ನು ಕುರಿತಾಗಲಿ ಬಿಟ್ಟುದನ್ನು ಕುರಿತಾಗಲಿ ಚಕಾರವೆತ್ತತಕ್ಕದ್ದಲ್ಲ. ಕೂಸು ನಿಲ್ಲಿಸಿತೆಂದರೆ, ಸಾಮಾನ್ಯವಾಗಿ 20-25 ನಿಮಿಷಗಳಲ್ಲಿ, ತಟ್ಟೆಯನ್ನು ತೆಗೆಯತಕ್ಕದ್ದು. ಗಮನಿಸಬೇಕು, ಇಲ್ಲಿ ಅನುಮತಿ ಒಂದಲ್ಲ, ಎರಡು: ಮೊದಲು ಕೈಯದು, ಆಮೇಲೆ ಬಾಯಿಯದು. ಕೈ ಕೇಳಿತೆಂಬ ಮಾತ್ರಕ್ಕೆ ಬಾಯಿ ಋಣಿಯಾಗಬೇಕಿಲ್ಲ. ತುಂಬಿದ ಚಮಚ ಎದುರಿಗೆ ಬಂದ ಮೇಲೂ ಮನಸ್ಸು ಬದಲಿಸಬಹುದು. ಕನ್ನಡದಲ್ಲಿ 'ಉಣ್ಣು' ಎಂಬ ಧಾತುವಿಗೆ 'ಇಸು' ಹತ್ತಿದೊಡನೆ ಕರ್ತೃತ್ವವು ಉಣ್ಣುವ ಕೂಸಿನಿಂದ ಉಣಿಸುವ ತಾಯಿಗೆ ವರ್ಗವಾಗಿಬಿಡುತ್ತದೆ. ಚಮಚ ಹಿಡಿದೂ ಕಾಯುವ ಈ ದಾದಿಯ ಕೆಲಸಕ್ಕೆ ಆ ಎರಡು ಕ್ರಿಯಾಪದಗಳಲ್ಲಿ ಒಂದೂ ಒಪ್ಪುವುದಿಲ್ಲ. ಹೊಗಳಿಕೆಗೂ ಅಲ್ಲಿ ಪ್ರವೇಶವಿಲ್ಲ. 'ಜಾಣಮರಿ' ಎಂದವಳು, ನಾಳೆ ತಿನ್ನದಿದ್ದರೆ ಜಾಣನಲ್ಲವೆಂದೂ ಇಂದೇ ಹೇಳಿದಂತಾಯಿತು.

1980ರ ದಶಕದಿಂದ ಪ್ರಚಾರಕ್ಕೆ ಬಂದ ಎಲಿನ್ ಸ್ಯಾಟರ್ ಅವರ ಸೂತ್ರ (ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ಪಾಲು, ತಿನ್ನಬೇಕೆ, ಎಷ್ಟು ಎಂಬುದು ಮಗುವಿನ ಪಾಲು) ಅಚ್ಚುಕಟ್ಟಾದದ್ದು, ಅದನ್ನು ಅಲ್ಲಗಳೆಯಲಾರೆ. ಕಂಠಪಾಠ ಮಾಡಿದವರನ್ನು ನೋಡಿದಾಗ ಮಾತ್ರ ಭಯವಾಗುತ್ತದೆ. ಪರಿಚಯದವರ ಮನೆಯಲ್ಲಿ ಒಬ್ಬ ಪುಟ್ಟ, ಹುಳಿಯೊಳಗಿನ ಸೀಮೆಬದನೆಯ ಹೋಳುಗಳನ್ನು ಒಂದೊಂದಾಗಿ ಆಯ್ದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. "ನಾವು ಒತ್ತಾಯವನ್ನೇ ಮಾಡುವುದಿಲ್ಲ" ಎಂದು ನನಗೆ ಹೇಳುತ್ತಲೇ ತಾಯಿಯ ಕಣ್ಣು ಆ ಹೋಳುಗಳನ್ನು ಎಣಿಸುತ್ತಿತ್ತು. ಹುಡುಗ ಐದನೆಯದನ್ನು ಅನ್ನದಡಿ ಮುಚ್ಚಿಟ್ಟ.

ಇನ್ನು ನಮ್ಮ ಕೈತುತ್ತಿನ ಪಕ್ಷಪಾತಿಗಳು. ಇದೆಲ್ಲ ಆಸ್ಪತ್ರೆಯ ಶಿಸ್ತು, ವಾತ್ಸಲ್ಯವಿಲ್ಲದ ವ್ಯವಹಾರ, ಚಂದಮಾಮನನ್ನು ತೋರಿಸಿ ಕಾಗೆಗೊಂದು ಗುಬ್ಬಿಗೊಂದು ಎಂದು ಉಣಿಸುವ ತಾಯಿಯ ಮುಂದೆ ಈ ಚಮಚವೆಷ್ಟರದು ಎಂಬುದು ಇವರ ಆಕ್ಷೇಪ. ವಾತ್ಸಲ್ಯವನ್ನು ನಾನು ಪ್ರಶ್ನಿಸೆನು. ಆದರೆ ಚಂದ್ರನನ್ನು ಕಂಡು ಬೆರಗಿನಿಂದ ತೆರೆದ ಬಾಯಿ ಅನ್ನಕ್ಕಾಗಿ ತೆರೆದದ್ದಲ್ಲವಲ್ಲ! ಆ ಬೆರಗಿನ ಸಂದಿನಲ್ಲಿ ತುತ್ತನ್ನು ತುರುಕುವುದು, ಎಷ್ಟೇ ಮಧುರವಾಗಿ ಹಾಡಿದರೂ, ಕಳ್ಳತನವೇ. ಇವರು ಕೈತುತ್ತನ್ನೂ ಸರಿಯಾಗಿ ನೆನಪಿಟ್ಟುಕೊಂಡಿಲ್ಲ. ನಮ್ಮಜ್ಜಿ ದೊಡ್ಡ ಪಾತ್ರೆಯಲ್ಲಿ ಹುಳಿಯನ್ನ ಕಲಸಿಕೊಂಡು ನಡುವೆ ಕೂರುತ್ತಿದ್ದಳು; ಸುತ್ತ ಆರೇಳು ಮೊಮ್ಮಕ್ಕಳು. ತುತ್ತು ಬೀಳುತ್ತಿದ್ದುದು ಬಾಯಿಗಲ್ಲ, ಚಾಚಿದ ಅಂಗೈಗೆ. ತುತ್ತಿನ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿಕೊಂಡು ಹುಳಿ ಬಿಡಿಸಿಕೊಳ್ಳುವುದು ನಮ್ಮ ಕೆಲಸ. ಮುಚ್ಚಿದ ಅಂಗೈಯೊಂದು ಸಿಕ್ಕಿತೆಂದರೆ ಅವಳು ಏನೂ ಕೇಳದೆ ಪಕ್ಕದ ಅಂಗೈಗೆ ಹೋಗುತ್ತಿದ್ದಳು. ಮುಂದಿನ ಸುತ್ತಿನಲ್ಲಿ ಮತ್ತೆ ಅಲ್ಲಿಗೂ ಬರುತ್ತಿದ್ದಳು.