ಎತ್ತರದಿಂದ ಕಂಡ ಹಿರೋಷಿಮಾ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಬಣ್ಣದ ಕಾಗದವನ್ನು ಮಡಿಚಿ ಕೊಕ್ಕರೆಗಳನ್ನು ಮಾಡುವುದನ್ನು ನೀವು ಕಂಡಿರುತ್ತೀರಿ. ಎರಡು ವರ್ಷದ ಮಗುವಾಗಿದ್ದಾಗ ಹಿರೋಷಿಮಾದ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿ, 1955ರಲ್ಲಿ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸಡಾಕೊ ಸಸಾಕಿಯ ಕಥೆ ಅವರಿಗೆ ಬಾಯಿಪಾಠ. ಆ ಕಾಗದದ ಕೊಕ್ಕರೆಯ ಜಪಾನೀ ಹೆಸರನ್ನೇ ಹೊತ್ತ ವೀಕ್ಷಣಾ ಗೋಪುರವೊಂದು 2016ರಿಂದ ಹಿರೋಷಿಮಾದಲ್ಲಿದೆ: ಒರಿಜುರು ಟವರ್. ನಗರವನ್ನು ನೋಡುತ್ತಾ ಶಾಂತಿಯನ್ನು ಧ್ಯಾನಿಸಿರಿ ಎಂಬುದು ಅದರ ಆಹ್ವಾನ. ಕಟ್ಟಡಕ್ಕೂ ಒಂದು ಮಾತಿರುತ್ತದೆ, ಆದ್ದರಿಂದ ಅದನ್ನೂ ಪುಸ್ತಕದಂತೆ ವಿಮರ್ಶಿಸಬಹುದು ಎಂದು ನಂಬಿದವನು ನಾನು.

ಇದು ಹೊಸದಾಗಿ ಕಟ್ಟಿದ ಗೋಪುರವಲ್ಲ. ಹಳೆಯ ಕಚೇರಿ ಕಟ್ಟಡವೊಂದನ್ನು ವಾಸ್ತುಶಿಲ್ಪಿ ಹಿರೋಷಿ ಸಂಬುಯಿಚಿ ರೂಪಾಂತರಿಸಿದ್ದಾರೆ. ಮಾಳಿಗೆಯ ಮೇಲೆ ಮರದ ಹಲಗೆಗಳನ್ನು ಹಾಸಿ, ಸಣ್ಣ ದಿಬ್ಬದಂತೆ ಇಳಿಜಾರು ಮಾಡಿದ್ದಾರೆ. ನೋಡುಗನಿಗೂ ನಗರಕ್ಕೂ ನಡುವೆ ಗಾಜಿಲ್ಲ, ತೆಳುವಾದ ಜಾಲರಿ ಮಾತ್ರ. ನದಿಯ ಗಾಳಿ, ಟ್ರಾಮ್ ಗಾಡಿಗಳ ಸದ್ದು, ಮಳೆ ಬಂದರೆ ಅದರ ವಾಸನೆ ಎಲ್ಲವೂ ಒಳಗೆ ಬರುತ್ತವೆ. ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿ ನಗರವನ್ನು ಚಿತ್ರಪಟದಂತೆ ತೋರಿಸುವ ಸಾಮಾನ್ಯ ಗೋಪುರಗಳಿಗಿಂತ ಇದು ಎಷ್ಟೋ ಮೇಲು. ಬಂದವರು ತಾವಾಗಿಯೇ ದನಿ ತಗ್ಗಿಸಿ ಹಲಗೆಯ ಮೇಲೆ ಕುಳಿತುಬಿಡುತ್ತಾರೆ. ಇಷ್ಟನ್ನು ಸಾಧಿಸಿದ ಶಿಲ್ಪಿಯನ್ನು ಮೆಚ್ಚಲೇಬೇಕು.

ಕೆಳಗೆ ಏನಿದೆ? ಮೊಟ್ಟಮೊದಲು ಕಣ್ಣಿಗೆ ಬೀಳುವುದು ಅಣುಬಾಂಬ್ ಗುಮ್ಮಟ. 1915ರಲ್ಲಿ ಯಾನ್ ಲೆಟ್ಜೆಲ್ ಎಂಬ ಚೆಕ್ ಶಿಲ್ಪಿ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಭವನದ ಅಸ್ಥಿಪಂಜರವದು. ಬೀದಿಯಲ್ಲಿ ನಿಂತವನು ಅದನ್ನು ತಲೆಯೆತ್ತಿ ನೋಡಬೇಕು. ಇಲ್ಲಿಂದ ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನನಗೆ ಮೊದಲು ಇರಿಸುಮುರುಸಾದದ್ದು ಇದೇ. ಸತ್ತವರ ಸ್ಮಾರಕವನ್ನು ಮೇಲಿನಿಂದ ನೋಡುವುದು ಎಷ್ಟು ಸರಿ?

ಆದರೆ ಗುಮ್ಮಟದ ಪಕ್ಕದಲ್ಲೇ ಇರುವ ಆಯೊಯಿ ಸೇತುವೆಯನ್ನು ನೋಡಿರಿ. ನೆಲದ ಮೇಲೆ ನಡೆದುಹೋಗುವವನಿಗೆ ಅದು ಎಲ್ಲ ಸೇತುವೆಗಳಂತೆ ಒಂದು ಸೇತುವೆ. ಮೇಲಿನಿಂದ ನೋಡಿದಾಗಲೇ ತಿಳಿಯುವುದು, ಅದರ ಮಧ್ಯದಿಂದ ಇನ್ನೊಂದು ಕವಲು ಚಾಚಿಕೊಂಡು ಇಂಗ್ಲಿಷಿನ 'ಟಿ' ಅಕ್ಷರದಂತೆ ಕಾಣುತ್ತದೆ ಎಂದು. 1945ರ ಆಗಸ್ಟ್ 6ರ ಬೆಳಿಗ್ಗೆ ವಿಮಾನದಲ್ಲಿದ್ದವರು ಗುರಿಯಾಗಿ ಆರಿಸಿಕೊಂಡದ್ದು ಆ ಆಕಾರವನ್ನೇ. ಈಗಿರುವುದು ಮುಂದೆ ಹೊಸದಾಗಿ ಕಟ್ಟಿದ ಸೇತುವೆ, ಆದರೆ ಆಕಾರ ಅದೇ. ಮರದ ಹಲಗೆಯ ಮೇಲೆ ನಿಂತು ಆ ಅಕ್ಷರವನ್ನು ಸ್ಪಷ್ಟವಾಗಿ ಓದಿದ ಕ್ಷಣದಲ್ಲಿ, ನಾನು ಯಾರ ಕಣ್ಣುಗಳಿಂದ ನೋಡುತ್ತಿದ್ದೇನೆ ಎಂಬ ಅರಿವಾಗಿ ಮೈ ಜುಮ್ಮೆಂದಿತು. ಎತ್ತರದಿಂದ ಮನುಷ್ಯರು ಕಾಣುವುದಿಲ್ಲ, ಆಕಾರಗಳು ಕಾಣುತ್ತವೆ. ಗೋಪುರದ ಅತ್ಯಂತ ಪ್ರಾಮಾಣಿಕ ಪಾಠವೆಂದರೆ ಇದು. ಆದರೆ ಅಲ್ಲಿನ ಸೌಮ್ಯವಾದ ವಾತಾವರಣ ಈ ಪಾಠವನ್ನು ನಮ್ಮಿಂದ ಮರೆಮಾಡುತ್ತದೆ. ನನ್ನ ಮುಖ್ಯ ಆಕ್ಷೇಪಣೆ ಅದೇ.

ಮರೆಯಾಗುವುದು ಇನ್ನೂ ಇದೆ. ಉತ್ತರಕ್ಕೆ ಮರಗಳ ನಡುವೆ ಕೋಟೆ ಸುಂದರವಾಗಿ ಕಾಣುತ್ತದೆ. 1894ರಲ್ಲಿ ಚೀನಾದೊಡನೆ ಯುದ್ಧವಾದಾಗ ಚಕ್ರವರ್ತಿಯ ಪ್ರಧಾನ ಸೇನಾ ಶಿಬಿರ ಅಲ್ಲಿತ್ತು. 1945ರಲ್ಲೂ ಅದು ಸೈನ್ಯದ ನೆಲೆಯೇ. ಉದ್ಯಾನದಲ್ಲಿ ಬಾಂಬಿಗೆ ಬಲಿಯಾದ ಕೊರಿಯನ್ನರ ಸ್ಮಾರಕವಿದೆ. 1970ರಲ್ಲಿ ಅದನ್ನು ಸ್ಥಾಪಿಸಿದ್ದು ಉದ್ಯಾನದ ಹೊರಗೆ; ಒಳಗೆ ಸೇರಲು 1999ರ ತನಕ ಕಾಯಬೇಕಾಯಿತು. ಮೇಲಿನಿಂದ ಹಸಿರು ಮಾತ್ರ ಕಾಣುತ್ತದೆ, ಈ ನೋವಿನ ಚರಿತ್ರೆ ಕಾಣುವುದಿಲ್ಲ.

ಕೊಕ್ಕರೆಯ ವಿಷಯಕ್ಕೆ ಬರೋಣ. ಮಾಳಿಗೆಯ ಕೆಳಗಿನ ಅಂತಸ್ತಿನಲ್ಲಿ ನೀವೇ ಒಂದು ಕೊಕ್ಕರೆಯನ್ನು ಮಡಿಚಿ, ಕಟ್ಟಡದ ಹೊರಮೈಯ ಗಾಜಿನ ಗೋಡೆಯೊಳಗೆ ಬಿಡಬಹುದು. ಅದು ತೇಲುತ್ತಾ ಕೆಳಗಿಳಿದು ಸಾವಿರಾರು ಕೊಕ್ಕರೆಗಳ ರಾಶಿಯನ್ನು ಸೇರುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟ. ಆದರೆ ಸಡಾಕೊ ಆಸ್ಪತ್ರೆಯ ಹಾಸಿಗೆಯ ಮೇಲೆ ಮಡಿಚಿದ್ದು ಬದುಕಬೇಕೆಂಬ ಆಸೆಯಿಂದ, ಸಿಕ್ಕ ಕಾಗದದ ಚೂರುಗಳಲ್ಲಿ. ಇಲ್ಲಿ ಪ್ರವೇಶಕ್ಕೆ ಕೊಡುವ ಹಣ ಸಮೀಪದ ಶಾಂತಿ ವಸ್ತುಸಂಗ್ರಹಾಲಯದ ಶುಲ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಳಿದು ಬಂದರೆ ಉಡುಗೊರೆಗಳ ಅಂಗಡಿ. ಖಾಸಗಿ ಕಟ್ಟಡಕ್ಕೆ ಖರ್ಚಿದೆ, ಒಪ್ಪುತ್ತೇನೆ. (ನಮ್ಮ ಪುಣ್ಯಕ್ಷೇತ್ರಗಳ ಬಾಗಿಲಲ್ಲೂ ಅಂಗಡಿಗಳಿವೆ ಎಂದು ನೀವು ನನ್ನನ್ನು ಕೇಳಿದರೆ ಉತ್ತರ ಕೊಡುವುದು ಕಷ್ಟ.) ಆದರೂ ಐದು ನಿಮಿಷದಲ್ಲಿ ಒಂದು ಕಾಗದ ಮಡಿಚಿ, ಶಾಂತಿಗಾಗಿ ನನ್ನ ಪಾಲಿನದನ್ನು ಮಾಡಿದೆನೆಂಬ ತೃಪ್ತಿಯಿಂದ ಹೊರಡುವುದು ಅಷ್ಟು ಸುಲಭವಾಗಿರಬಾರದಿತ್ತು.

ಹಾಗಾದರೆ ಎತ್ತರವೇ ತಪ್ಪೇ? ಹಾಗೆ ಹೇಳಲಾರೆ. ಓಲಿವ್ ಗುಡ್ಡದಿಂದ ಇಳಿಯುತ್ತಿದ್ದ ಯೇಸುಸ್ವಾಮಿ ಜೆರುಸಲೇಮ್ ನಗರವನ್ನು ನೋಡಿದಾಗ ಅದಕ್ಕಾಗಿ ಅತ್ತರೆಂದು ಸಂತ ಲೂಕ ಬರೆಯುತ್ತಾನೆ. ಶಾಂತಿಯ ಮಾರ್ಗವನ್ನು ಅರಿಯದ ನಗರವೆಂಬುದೇ ಆ ಅಳುವಿಗೆ ಕಾರಣ. ಹಿರೋಷಿಮಾದಲ್ಲೂ ಅಂಥ ಒಂದು ನೋಟವಿದೆ. ನಗರದ ಅಂಚಿನ ನಾಗತ್ಸುಕದಲ್ಲಿ ಯೇಸುಸಭೆಯ ನವಶಿಷ್ಯರ ಗುರುವಾಗಿದ್ದ ಫಾದರ್ ಪೆದ್ರೊ ಅರುಪೆ, ಅಂದು ಬೆಳಿಗ್ಗೆ ಕಣ್ಣು ಕೋರೈಸುವ ಬೆಳಕು ಮಿಂಚಿ ಮನೆ ನಡುಗಿದ ಮೇಲೆ, ಏನಾಯಿತೆಂದು ತಿಳಿಯಲು ಹತ್ತಿರದ ಗುಡ್ಡವನ್ನು ಹತ್ತಿದರು. ಅಲ್ಲಿಂದ ಕಂಡದ್ದು ನಾಶವಾದ ನಗರ. ಅವರು ಗುಡ್ಡದ ಮೇಲೆ ನಿಲ್ಲಲಿಲ್ಲ. ಪ್ರಾರ್ಥನಾಲಯದಲ್ಲಿ ಮೊಣಕಾಲೂರಿದರು, ನಂತರ, ಹಿಂದೊಮ್ಮೆ ಮ್ಯಾಡ್ರಿಡ್‌ನಲ್ಲಿ ಅರ್ಧಕ್ಕೆ ಬಿಟ್ಟಿದ್ದ ವೈದ್ಯಶಾಸ್ತ್ರದ ಓದನ್ನು ನೆನಪಿಗೆ ತಂದುಕೊಂಡು, ಮಠವನ್ನೇ ಆಸ್ಪತ್ರೆಯಾಗಿಸಿ ಸುಮಾರು ನೂರೈವತ್ತು ಗಾಯಾಳುಗಳನ್ನು ಒಳಗೆ ಕರೆದುಕೊಂಡರು. 1965ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರಾದವರು ಇವರೇ. ಅವರ ಆ ಗುಡ್ಡವನ್ನು ತೋರಿಸುವ ಒಂದು ಫಲಕವನ್ನಾದರೂ ಗೋಪುರದ ಮೇಲೆ ಇಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗನಿಸಿತು.

ನೀವೆಂದಾದರೂ ಅಲ್ಲಿಗೆ ಹೋದರೆ, ಇಳಿಯುವಾಗ ಲಿಫ್ಟ್ ಬೇಡ. ಕಟ್ಟಡದ ಪಕ್ಕದಲ್ಲಿ ಸುತ್ತಿ ಸುತ್ತಿ ಇಳಿಯುವ ಕಾಲುದಾರಿಯಿದೆ. ಮಕ್ಕಳಿಗೆ ಜಾರುಬಂಡಿಯೂ ಉಂಟು. ಒಂದೊಂದು ಸುತ್ತಿಗೂ ಗುಮ್ಮಟ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತಾ ಬರುತ್ತದೆ. ನೆಲ ಮುಟ್ಟಿದ ಮೇಲೆ ಅಂಗಡಿಯನ್ನು ದಾಟಿ, ಕೆಲವೇ ನಿಮಿಷ ನಡೆದರೆ ಒಂದು ಓಣಿಯಲ್ಲಿ ಶಿಮಾ ಆಸ್ಪತ್ರೆಯ ಜಾಗ ಸಿಗುತ್ತದೆ. ಬಾಂಬು ಸಿಡಿದದ್ದು ಇದರ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. ನಾವು ಹತ್ತಿ ಬಂದ ಗೋಪುರ 50 ಮೀಟರಿನಷ್ಟು. ಆ ವರ್ಷ ಮುಗಿಯುವುದರೊಳಗೆ ಸತ್ತವರು ಸುಮಾರು 1,40,000 ಮಂದಿ. ಅಲ್ಲಿರುವುದು ಒಂದು ಸಣ್ಣ ಫಲಕ, ಟಿಕೆಟ್ ಇಲ್ಲ, ಕುಳಿತುಕೊಳ್ಳಲು ಹಲಗೆಯೂ ಇಲ್ಲ. ನಾನು ನಿಂತಿದ್ದಷ್ಟು ಹೊತ್ತು ಸೈಕಲ್ಲಿನ ಮೇಲೆ ಜನ ಓಡಾಡುತ್ತಿದ್ದರು. ತಲೆಯೆತ್ತಿ ಆ 600 ಮೀಟರನ್ನು ಅಂದಾಜು ಮಾಡಲು ನೋಡಿದೆ. ಆಕಾಶದಲ್ಲಿ ಅಳೆಯಲು ಯಾವ ಗುರುತೂ ಇರಲಿಲ್ಲ.