ನುರೆಯೇವನ ಕೋಟು

ನೃತ್ಯವು ನೋಡುತ್ತಿರುವಂತೆಯೇ ಮುಗಿದುಹೋಗುವ ಕಲೆ. ಕವಿಯ ಪುಸ್ತಕ ಉಳಿಯುತ್ತದೆ, ಶಿಲ್ಪಿಯ ಕಲ್ಲು ಉಳಿಯುತ್ತದೆ. ನರ್ತಕನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಕೆಲವು ಚಿತ್ರಗಳು, ಮತ್ತೆ ಅವನು ತೊಟ್ಟು ಕಳಚಿದ ಬಟ್ಟೆ. ಆ ಬಟ್ಟೆಯನ್ನು ಗಾಜಿನೊಳಗೆ ಇಟ್ಟಾಗ ಅದು ಕಲೆಯ ದಾಖಲೆಯೋ, ಬರಿಯ ಪೂಜಾವಸ್ತುವೋ? ಬ್ಯಾಲೆ ನರ್ತಕ ರುಡಾಲ್ಫ್ ನುರೆಯೇವನ ಕೋಟುಗಳನ್ನು ಕುರಿತು ನಾವು ಕೇಳಬೇಕಾದ ಪ್ರಶ್ನೆ ಇದೇ.

ನುರೆಯೇವ್ ಹುಟ್ಟಿದ್ದು 1938ರಲ್ಲಿ, ಸೈಬೀರಿಯದಲ್ಲಿ ಓಡುತ್ತಿದ್ದ ರೈಲಿನಲ್ಲಿ. 1961ರ ಜೂನ್‌ನಲ್ಲಿ ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ಲೆನಿನ್‌ಗ್ರಾಡಿನ ಕಿರೋವ್ ತಂಡವನ್ನು ಬಿಟ್ಟು ಪಶ್ಚಿಮದಲ್ಲೇ ಉಳಿದ. ತಾಯಿಯ ಮುಖ ನೋಡಲು ಅವನಿಗೆ ಅವಕಾಶ ದೊರೆತದ್ದು 1987ರಲ್ಲಿ, ಅವಳ ಕೊನೆಗಾಲದಲ್ಲಿ. 1993ರಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ತೀರಿಕೊಂಡ. ತನ್ನ ವಸ್ತುಗಳು ಅದೇ ನಗರದ ಒಂದು ಸಂಗ್ರಹಾಲಯದಲ್ಲಿ ಇರಬೇಕೆಂಬುದು ಅವನ ಇಚ್ಛೆಯಾಗಿತ್ತು. ಆದರೆ 1995ರಲ್ಲಿ ನ್ಯೂಯಾರ್ಕ್, ಲಂಡನ್‌ಗಳ ಹರಾಜಿನಲ್ಲಿ ಬಹುಪಾಲು ಚದುರಿಹೋಯಿತು. ಉಳಿದುದಕ್ಕೆ ನೆಲೆ ಸಿಕ್ಕಿದ್ದು 2013ರಲ್ಲಿ, ಪ್ಯಾರಿಸ್ಸಿನಿಂದ ದೂರದ ಮುಲ್ಯಾಂ ಎಂಬ ಊರಿನ ರಂಗವೇಷಗಳ ರಾಷ್ಟ್ರೀಯ ಕೇಂದ್ರದಲ್ಲಿ. ಅದು ಹದಿನೆಂಟನೆಯ ಶತಮಾನದ ಅಶ್ವದಳದ ಹಳೆಯ ವಸತಿ ಕಟ್ಟಡ.

ಇನ್ನು ಕೋಟಿನ ಮಾತು. ರಾಜಕುಮಾರನ ಪಾತ್ರದ ಕೋಟು ಹೊರಗಿನಿಂದ ಜರಿ, ಮಣಿ, ಮಖಮಲ್ಲು. ಆದರೆ ಅದರ ಜಾಣ್ಮೆಯೆಲ್ಲ ಹೊಲಿಗೆಯಲ್ಲಿದೆ. ನಾವು ಕಚೇರಿಗೆ ತೊಡುವ ಕೋಟಿನಲ್ಲಿ ಎರಡೂ ಕೈ ಮೇಲೆತ್ತಿದರೆ ಇಡೀ ಕೋಟೇ ಮೇಲೇಳುತ್ತದೆ. ನರ್ತಕನಿಗೆ ಹಾಗಾಗಕೂಡದು. ಆದ್ದರಿಂದ ದರ್ಜಿಯು ಕಂಕುಳಲ್ಲಿ ಬೇರೆ ತುಂಡು ಬಟ್ಟೆ ಸೇರಿಸಿ ತೋಳನ್ನು ಬಿಡುವಾಗಿ ಕೂಡಿಸುತ್ತಾನೆ. ಕೈ ಆಕಾಶಕ್ಕೆ ಹೋದರೂ ನಡು ಅಲುಗುವುದಿಲ್ಲ. ನುರೆಯೇವನಂತೂ ಕೋಟು ಗಿಡ್ಡವಾಗಿರಬೇಕೆಂದು ಹಟ ಹಿಡಿಯುತ್ತಿದ್ದ. ಅಂಚು ಮೇಲೇರಿದಷ್ಟೂ ಕಾಲು ನೀಳವಾಗಿ ಕಾಣುತ್ತದೆ. ಇದನ್ನು ಬರಿಯ ಶೋಕಿ ಎನ್ನಲಾಗದು. ಬ್ಯಾಲೆಯಲ್ಲಿ ನರ್ತಕಿಯನ್ನು ಎತ್ತಿ ಹಿಡಿಯುವ ಆಧಾರವಾಗಿದ್ದ ಗಂಡಸು ತಾನೂ ನೋಡತಕ್ಕವನು ಎಂದು ಸಾಧಿಸಿದವರಲ್ಲಿ ಅವನು ಮುಖ್ಯನು. ಆ ವಾದವನ್ನು ಕೋಟಿನ ಅಳತೆಯಲ್ಲೇ ಓದಬಹುದು.

ಇಂಥ ಬಟ್ಟೆಯನ್ನು ಕಾಪಾಡುವುದು ಸುಲಭವಲ್ಲ. ಬೆಳಕು ರೇಷ್ಮೆಯ ಬಣ್ಣವನ್ನು ತಿನ್ನುತ್ತದೆ, ಬೆವರಿನ ಉಪ್ಪು ಎಳೆಯನ್ನು ತಿನ್ನುತ್ತದೆ. ಬೆಳಕಿನಿಂದಾದ ಹಾನಿ ದಿನದಿನಕ್ಕೆ ಕೂಡುತ್ತ ಹೋಗುವುದೇ ಹೊರತು ಮತ್ತೆ ಸರಿಹೋಗುವುದಿಲ್ಲ. ಅದಕ್ಕೇ ಸಂಗ್ರಹಾಲಯಗಳು ಇಂಥ ಬಟ್ಟೆಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ಈ ಮಬ್ಬನ್ನು ನೋಡಿ ಗೊಣಗುವವರು ಕಾರಣವನ್ನು ತಿಳಿದರೆ ಸುಮ್ಮನಾದಾರು.

ನಮ್ಮ ಆಕ್ಷೇಪ ಬೇರೆ. ಕೈ ಇಳಿಬಿಟ್ಟ ಬೊಂಬೆಗೆ ತೊಡಿಸಿದ ಕೂಡಲೇ ಆ ಕಂಕುಳ ತುಂಡು ಮರೆಯಾಗುತ್ತದೆ. ಅಸ್ತರಿ, ಬೆವರಿನ ಕಲೆ, ಬಿಚ್ಚಿ ಮತ್ತೆ ಹೊಲಿದ ಗುರುತು ಎಲ್ಲವೂ ಮರೆಯಾಗುತ್ತವೆ. ಉಳಿಯುವುದು ಜರಿ ಮತ್ತು ಹೆಸರು. ನರ್ತಕನ ದುಡಿಮೆಯೂ ದರ್ಜಿಯ ದುಡಿಮೆಯೂ ಒಳಮೈಯಲ್ಲಿರುವಾಗ ಹೊರಮೈಯನ್ನಷ್ಟೇ ತೋರಿಸುವುದು ಅರ್ಧ ಸತ್ಯ. ಒಂದೇ ಒಂದು ಕೋಟನ್ನು ಬಿಚ್ಚಿ, ಒಳಮೈ ಮೇಲೆ ಮಾಡಿ ಹರಡಿಟ್ಟರೆ ಸಾಕು, ಹತ್ತು ಬೊಂಬೆಗಳು ಹೇಳದ್ದನ್ನು ಅದು ಹೇಳೀತು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲೂ ಟ್ರಂಕಿನ ತಳದಲ್ಲಿ ಹಿರಿಯರದೊಂದು ಕೋಟೋ, ಸೀರೆಯೋ ಇರುತ್ತದೆ. ಮಕ್ಕಳಿಗೆ ತೋರಿಸುವಾಗ ನಾವೂ ಜರಿಯನ್ನೇ ತೋರಿಸುತ್ತೇವೆ. ತೇಪೆಯನ್ನೂ ತೋರಿಸೋಣ. ಅದನ್ನು ತೊಟ್ಟು ದುಡಿದವರು ಯಾರೆಂಬುದು ಅಲ್ಲಿ ತಿಳಿಯುತ್ತದೆ.