‘ಅರೆಪಾರಕ’ವೆಂಬ ವಿಶೇಷಣ

ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಜೀವಕೋಶದ ಪೊರೆಯನ್ನು ‘ಅರೆಪಾರಕ’ವೆಂದು ಕರೆದು ಮುಂದೆ ಸಾಗುವುದು ಬಹುಕಾಲದ ರೂಢಿ. ಪದವೇನೋ ಅಚ್ಚುಕಟ್ಟಾದುದೇ, ಆದರೆ ಅದು ತಿಳಿಸುವುದಕ್ಕಿಂತ ಮರೆಮಾಡುವುದು ಹೆಚ್ಚು. ಈ ಕಲ್ಪನೆಗೆ ರೂಪ ಬಂದುದು ಪ್ರಯೋಗಶಾಲೆಯ ಕೃತಕ ಪೊರೆಗಳಿಂದ. 1867ರಲ್ಲಿ ಮಾರಿಟ್ಸ್ ಟ್ರಾಬೆ ಅಂಥ ಪೊರೆಗಳನ್ನು ನಿರ್ಮಿಸಿದನು. 1877ರಲ್ಲಿ ವಿಲ್ಹೆಲ್ಮ್ ಫೆಫರ್ ಅವುಗಳ ನೆರವಿನಿಂದ ಅಭಿಸರಣೆಯ ಒತ್ತಡವನ್ನು ಅಳೆದ ವಿವರಗಳನ್ನು ಪ್ರಕಟಿಸಿದನು. ನೀರನ್ನು ಹಾಯಗೊಟ್ಟು ಸಕ್ಕರೆಯನ್ನು ತಡೆಯುವ ಆ ನಿರ್ಜೀವ ಪೊರೆಗೆ ‘ಅರೆ’ ಎಂಬ ಮಾತು ಒಪ್ಪುತ್ತದೆ. ಜೀವಂತ ಪೊರೆಗೆ ಅದನ್ನೇ ತೊಡಿಸಿದಾಗ ತೊಡಕು ಮೊದಲಾಗುತ್ತದೆ.

ವಿಶೇಷಣದ ಬೆನ್ನಿಗೇ ಬರುವ ಉಪಮೆ ಜರಡಿಯದು. ಜರಡಿ ಬಲ್ಲುದು ಗಾತ್ರವೊಂದನ್ನೇ. ಪೊಟಾಸಿಯಂ ಅಯಾನು ಸೋಡಿಯಂ ಅಯಾನಿಗಿಂತ ದೊಡ್ಡದು. ಆದರೂ ಪೊರೆಯಲ್ಲಿನ ಪೊಟಾಸಿಯಂ ನಾಳ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ಇದರ ಗುಟ್ಟನ್ನು 1998ರಲ್ಲಿ ರಾಡರಿಕ್ ಮೆಕಿನನ್ನರ ಸಂಶೋಧನೆ ಬಯಲು ಮಾಡಿತು. ನೀರಿನಲ್ಲಿರುವ ಅಯಾನನ್ನು ನೀರಿನ ಅಣುಗಳು ಸುತ್ತುವರಿದಿರುತ್ತವೆ. ನಾಳದ ಇಕ್ಕಟ್ಟಿನಲ್ಲಿ ಸಾಲುಗೊಂಡಿರುವ ಆಕ್ಸಿಜನ್ ಪರಮಾಣುಗಳು ಪೊಟಾಸಿಯಮ್ಮಿಗೆ ಆ ನೀರಿನ ಸ್ಥಾನವನ್ನು ಸರಿಯಾಗಿ ತುಂಬಿಕೊಡುತ್ತವೆ. ಚಿಕ್ಕದಾದ ಸೋಡಿಯಮ್ಮಿಗೆ ಆ ಅಳತೆ ಕೂಡಿಬರುವುದಿಲ್ಲ. ಅದು ತನ್ನ ನೀರನ್ನು ತೊರೆಯಲಾರದೆ ಹೊರಗೇ ಉಳಿಯುತ್ತದೆ. ಯಾವ ಜರಡಿಯೂ ಇಂಥ ಕೆಲಸ ಮಾಡದು.

ದ್ವಾರಪಾಲಕನ ಉಪಮೆ ಇದಕ್ಕಿಂತ ಮೇಲೆನ್ನಬೇಕು. ಆದರೆ ದ್ವಾರಪಾಲಕನು ಬಂದವರನ್ನು ಬಿಡುವನು ಇಲ್ಲವೆ ತಡೆಯುವನು. ಜಯವಿಜಯರು ಯಾರನ್ನೂ ಹೊತ್ತು ಒಳಗೊಯ್ದುದಿಲ್ಲ. ಪೊರೆಯಾದರೋ ಹೊರುತ್ತದೆ. 1957ರಲ್ಲಿ ಯೆನ್ಸ್ ಸ್ಕೂ ಪತ್ತೆಹಚ್ಚಿದ ಕಿಣ್ವವು ಒಂದು ಎ.ಟಿ.ಪಿ. ಅಣುವಿನ ಶಕ್ತಿಯನ್ನು ವೆಚ್ಚಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೂ ಎರಡು ಪೊಟಾಸಿಯಂ ಅಯಾನುಗಳನ್ನು ಒಳಕ್ಕೂ ಏರುದಾರಿಯಲ್ಲಿ ಸಾಗಿಸುತ್ತದೆ. ಕನ್ನಡಕ್ಕೆ ಈ ಭೇದವನ್ನು ಹೇಳಲು ಹೊಸ ಪದ ಟಂಕಿಸುವ ಅಗತ್ಯವೂ ಇರಲಿಲ್ಲ. ‘ದಾಟು’ ಬೇರೆ, ‘ದಾಟಿಸು’ ಬೇರೆ. ಆಕ್ಸಿಜನ್ ಕೊಬ್ಬಿನ ಪದರಗಳನ್ನು ತಾನೇ ದಾಟುತ್ತದೆ. ಸೋಡಿಯಮ್ಮನ್ನು ಪೊರೆ ದಾಟಿಸುತ್ತದೆ. ವ್ಯಾಕರಣ ಕೈಗಿತ್ತಿರುವ ಪ್ರೇರಣಾರ್ಥಕ ರೂಪವನ್ನು ಬದಿಗಿಟ್ಟು ‘ಪಾರಕತೆ’ಯೆಂಬ ಒಂದೇ ನಾಮಪದದಲ್ಲಿ ಎರಡನ್ನೂ ಅಡಗಿಸಿದುದು ಪರಿಭಾಷೆಯ ದಾರಿದ್ರ್ಯವಲ್ಲ, ಅಲಕ್ಷ್ಯ.

ಇದು ಪಂಡಿತರ ಪದಕಲಹವೆಂದು ತಳ್ಳಿಹಾಕುವಂತಿಲ್ಲ. ವಾಂತಿಭೇದಿಗೆ ಕೊಡುವ ಉಪ್ಪು-ಸಕ್ಕರೆಯ ನೀರಿನಲ್ಲಿ ಸಕ್ಕರೆ ರುಚಿಗೋ ಶಕ್ತಿಗೋ ಇದೆಯೆಂಬುದೇ ಹಲವರ ತಿಳಿವಳಿಕೆ. ಕರುಳಿನ ಕೋಶದ ಪೊರೆಯಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಒಂದೇ ವಾಹಕದಲ್ಲಿ ಜೊತೆಯಾಗಿ ಒಳಸೇರುತ್ತವೆಂಬ ವಿವರಣೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟನು. ಅವು ಹೋದೆಡೆಗೆ ನೀರು ಹಿಂಬಾಲಿಸುತ್ತದೆ; ಕಾಲರಾದಲ್ಲಿಯೂ ಈ ದಾರಿ ಕೆಡುವುದಿಲ್ಲ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ದಿಲೀಪ್ ಮಹಲನಾಬಿಸ್ ಈ ದ್ರಾವಣದಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಒಪ್ಪಿದ ಸೂತ್ರದಲ್ಲಿ ಗ್ಲೂಕೋಸು, ಸೋಡಿಯಂ ಎರಡೂ ಸಮಸಮ, ಲೀಟರಿಗೆ 75 ಮಿಲಿಮೋಲ್. ಸಕ್ಕರೆ ಶಕ್ತಿಗೆಂದು ನಂಬಿದ ತಾಯಿ ಮತ್ತೊಂದೆರಡು ಚಮಚ ಸೇರಿಸುವುದು ಸಹಜ. ಹಾಗೆ ಸೇರಿಸಿದ ಸಕ್ಕರೆ ಕರುಳಿನಲ್ಲಿ ಮಿಕ್ಕು, ಮಗುವಿನ ಮೈಯೊಳಗಿನ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.